ಆಬಿಂಗ್ಡನ್ನಿನ ಹಳೆಯ ಮೋಟಾರು

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಿಂದ ದಕ್ಷಿಣಕ್ಕೆ ಸುಮಾರು ಆರು ಮೈಲು ದೂರದಲ್ಲಿ, ಥೇಮ್ಸ್ ನದಿಯ ದಡದ ಮೇಲೆ, ಆಬಿಂಗ್ಡನ್ ಎಂಬ ಪುರಾತನವಾದ ಊರೊಂದುಂಟು. ರೈಲಿನಲ್ಲಿ ನೇರವಾಗಿ ಇಲ್ಲಿಗೆ ಬರುವ ಹಾಗಿಲ್ಲ. ಈ ಊರಿನ ಕವಲು ಮಾರ್ಗದಲ್ಲಿ ಪ್ರಯಾಣಿಕರ ಸಂಚಾರವು 1963ರಲ್ಲಿಯೇ ನಿಂತುಹೋಯಿತು. ಆದುದರಿಂದ ನಾವು ಆಕ್ಸ್‌ಫರ್ಡಿನಿಂದ ಬಸ್ಸಿನಲ್ಲಿ ಹೋದೆವು. ಊರಿನ ನಡುವೆ 1678ರಿಂದ 1682ರ ವರೆಗೆ ಕಟ್ಟಿದ ಕೌಂಟಿ ಹಾಲ್ ಎಂಬ ಭವ್ಯವಾದ ಕಲ್ಲಿನ ಭವನವಿದೆ. ರಾಜಮನೆತನದ ಶುಭ ಸಂದರ್ಭಗಳಲ್ಲಿ ಇದರ ಮಾಳಿಗೆಯ ಮೇಲಿನಿಂದ ಊರಿನ ಹಿರಿಯರು ಸಿಹಿ ಬನ್ನುಗಳನ್ನು ಕೆಳಗಿನ ಜನರ ಮೇಲೆ ಎಸೆಯುವ ಸಂಪ್ರದಾಯವು ಇಂದಿಗೂ ನಡೆದುಬಂದಿದೆ. ಹಳೆಯದನ್ನು ಸುಲಭವಾಗಿ ಬಿಟ್ಟುಕೊಡದ ಊರು ಇದೆಂಬುದು ಇದರಿಂದಲೇ ವಾಚಕರಿಗೆ ತಿಳಿದೀತು. ಈ ಭವನದಲ್ಲಿಯೇ ಈಗ ಊರಿನ ವಸ್ತುಸಂಗ್ರಹಾಲಯವಿದ್ದು, ಹಳೆಯ ಕಾಲದ ಇತರ ಪದಾರ್ಥಗಳೊಡನೆ ಒಂದು ಮೋಟಾರು ಕಾರನ್ನೂ ಇರಿಸಿದ್ದಾರೆ. ನಾವು ಅಷ್ಟು ದೂರ ಹೋದುದು ಆ ಜಾತಿಯ ಕಾರಿನ ಸಲುವಾಗಿಯೇ.

ಆಕ್ಸ್‌ಫರ್ಡಿನಲ್ಲಿ ಬೈಸಿಕಲ್ ಕೆಲಸದಿಂದ ಪ್ರಾರಂಭಿಸಿ ದೊಡ್ಡ ಉದ್ಯಮಿಯಾದ ವಿಲಿಯಂ ಮಾರಿಸ್ ಎಂಬವರಿಗೆ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯಿತ್ತು. 1922ರಲ್ಲಿ ಅದರ ಮೇಲ್ವಿಚಾರಕರಾದ ಸೆಸಿಲ್ ಕಿಂಬರ್ ಎಂಬವರು ಮಾರಿಸರ ಸಾಮಾನ್ಯ ಕಾರುಗಳಿಗೆ ಹಗುರವಾದ ಮೈಯನ್ನೂ ಹೆಚ್ಚಿನ ವೇಗವನ್ನೂ ಕೊಟ್ಟು ಹೊಸ ಬಗೆಯ ಕಾರುಗಳನ್ನು ಮಾಡಿಸತೊಡಗಿದರು. ಆ ಅಂಗಡಿಯ ಹೆಸರಿನ ಮೊದಲಕ್ಷರಗಳೇ ಎಂ.ಜಿ. ಎಂಬ ಮುದ್ರೆಯಾದುವು. ಇದ್ದ ಕಾರನ್ನು ತಿದ್ದಿ ಉತ್ತಮಪಡಿಸುವುದರಿಂದಲೇ ಈ ಕಾರಿನ ವಂಶವು ಹುಟ್ಟಿತೆಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು. 1929ರಲ್ಲಿ ಕಾರ್ಖಾನೆಯು ಆಬಿಂಗ್ಡನ್ನಿನ ಒಂದು ಚರ್ಮದ ಕಾರ್ಖಾನೆಯ ಕಟ್ಟಡಗಳಿಗೆ ಬಂದಿತು. ಅಲ್ಲಿ 1962ರಿಂದ ತಯಾರಾದ ಎಂ.ಜಿ.ಬಿ. ಎಂಬ ಇಬ್ಬರು ಕುಳಿತುಕೊಳ್ಳುವ ಸ್ಪೋರ್ಟ್ಸ್ ಕಾರು ಲೋಕಪ್ರಸಿದ್ಧವಾಯಿತು. ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಿದ್ದುವು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅದರ ಹೆಚ್ಚಿನ ಕಟ್ಟಡಗಳು ಈಗ ಇಲ್ಲ. ಆ ಸ್ಥಳದ ಪಕ್ಕದಲ್ಲಿ 1930ರಲ್ಲಿ ಸ್ಥಾಪಿತವಾದ ಎಂ.ಜಿ. ಕಾರ್ ಕ್ಲಬ್ಬಿನ ಕಚೇರಿಯು ಕಿಂಬರರ ಹೆಸರಿನ ಮನೆಯಲ್ಲಿ ನಡೆಯುತ್ತಿದೆ.

ಕಾರ್ಖಾನೆಯು ಹೋದರೂ ಕಾರುಗಳು ಹೋಗಲಿಲ್ಲ. ನಲವತ್ತು ವರ್ಷಗಳ ಮೇಲೆಯೂ ಇವು ರಸ್ತೆಯಲ್ಲಿ ಓಡುತ್ತಿರುವುದಕ್ಕೆ ಮನೆಗಳ ಹಿಂದಿನ ಸಣ್ಣ ಕೊಟ್ಟಿಗೆಗಳೂ, ಭಾನುವಾರ ತೋಳು ಮಡಿಸಿ ನಿಲ್ಲುವ ಗೃಹಸ್ಥರೂ ಮುಖ್ಯ ಕಾರಣ. ಯಂತ್ರವು ಸರಳ, ಬಾನೆಟ್ಟನ್ನು ಎತ್ತಿದರೆ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಕ್ಕುತ್ತದೆ. ಒಂದು ಜೊತೆ ಸ್ಪ್ಯಾನರುಗಳು, ಸ್ಕ್ರೂಡ್ರೈವರುಗಳು, ಸಂದಿಯನ್ನು ಅಳೆಯುವ ತೆಳುವಾದ ಉಕ್ಕಿನ ಎಲೆಗಳು, ಗ್ರೀಸು ತುಂಬಿದ ಪಿಚಕಾರಿ, ಇಷ್ಟರಿಂದ ಮುಕ್ಕಾಲು ಪಾಲು ಕೆಲಸವು ಮುಗಿಯುತ್ತದೆ. ಬಿಡಿಭಾಗಗಳೂ ದೊರೆಯುತ್ತವೆ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯವರು ಹಳೆಯ ಅಚ್ಚುಗಳನ್ನು ಹುಡುಕಿ ತಂದು ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರಲಾರಂಭಿಸಿದರು.

ಇಂತಹ ಒಂದು ಕೊಟ್ಟಿಗೆಯನ್ನು ನೋಡುವ ಅವಕಾಶವು ಸ್ನೇಹಿತರ ಪರಿಚಯದಿಂದ ನಮಗೆ ದೊರೆಯಿತು. ಮನೆಯ ಯಜಮಾನರು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತನ್ನು ದಾಟಿದೆ. ಅವರ ಕಾರು 1966ರದು, ಕಡು ಹಸಿರು ಬಣ್ಣ, ತಂತಿಯ ಅರಗಳುಳ್ಳ ಚಕ್ರಗಳು. ಅದನ್ನು ಕೊಂಡು ನಲವತ್ತು ವರ್ಷಗಳಾದುವಂತೆ. ಈಚೆಗೆ ಮಂಡಿನೋವಿನಿಂದ ಕಾರಿನ ಅಡಿಗೆ ಮಲಗಿ ಕೆಲಸ ಮಾಡುವುದು ಅವರಿಗೆ ಸಾಧ್ಯವಾಗುತ್ತಿಲ್ಲ. ಬ್ರಿಸ್ಟಲ್ ನಗರದಲ್ಲಿ ಉದ್ಯೋಗದಲ್ಲಿರುವ ಮಗಳು ತಿಂಗಳಿಗೆರಡು ಸಲ ಬಂದು ಆ ಕೆಲಸವನ್ನು ಮಾಡುತ್ತಾಳೆ. ತಂದೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ದೀಪವನ್ನು ಹಿಡಿಯುತ್ತಾರೆ. ಮಗಳು ಕಾರನ್ನು ವಹಿಸಿಕೊಳ್ಳದಿದ್ದರೆ ಅದನ್ನು ಮಾರುವುದೊಂದೇ ದಾರಿ ಎಂಬುದು ಇಬ್ಬರಿಗೂ ಗೊತ್ತು. ಆ ಮಾತನ್ನು ಇಬ್ಬರೂ ಆಡುವುದಿಲ್ಲ.

ಅಂದು ಅವರು ಕಾರ್ಬೊರೇಟರುಗಳನ್ನು ಸರಿಪಡಿಸುತ್ತಿದ್ದರು. ಈ ಕಾರಿಗೆ ಎಸ್.ಯು. ಎಂಬ ಜಾತಿಯವು ಎರಡಿವೆ. ಇದನ್ನು ಕಲ್ಪಿಸಿದ ಸ್ಕಿನ್ನರ್ ಎಂಬವರು ಪಾದರಕ್ಷೆಯ ವ್ಯಾಪಾರದ ಮನೆತನದವರು. ಮೊದಮೊದಲಿನ ಕಾರ್ಬೊರೇಟರುಗಳಲ್ಲಿ ಚರ್ಮದ ತಿದಿಯೇ ಇತ್ತಂತೆ. ಯಂತ್ರವು ಗಾಳಿಯನ್ನು ಹೆಚ್ಚಾಗಿ ಎಳೆದಷ್ಟೂ ಒಳಗಿನ ಕೊಂತವು ಮೇಲಕ್ಕೇರುತ್ತದೆ. ಅದರೊಡನೆ ಮೊನಚಾದ ಸೂಜಿಯೊಂದು ಏರಿ ಪೆಟ್ರೋಲಿನ ರಂಧ್ರವನ್ನು ಅಗಲ ಮಾಡುತ್ತದೆ. ಎರಡೂ ಸಮನಾಗಿ ಉಸಿರೆಳೆಯಬೇಕು. ಮಗಳು ಒಂದು ರಬ್ಬರು ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಮತ್ತೊಂದು ತುದಿಯನ್ನು ಒಮ್ಮೆ ಈ ಬಾಯಿಗೆ, ಒಮ್ಮೆ ಆ ಬಾಯಿಗೆ ಹಿಡಿದು, ಸುಸ್ಸೆನ್ನುವ ಸದ್ದು ಎರಡರಲ್ಲಿಯೂ ಒಂದೇ ಆಗುವವರೆಗೆ ತಿರುಪನ್ನು ತಿರುಗಿಸಿದಳು. ಎರಡು ತಂಬೂರಿಗಳನ್ನು ಒಂದು ಶ್ರುತಿಗೆ ಕೂಡಿಸುವವರನ್ನು ಕಂಡ ನಮಗೆ ಇದು ಹೊಸತೆನಿಸಲಿಲ್ಲ. ಬಳಿಕ ಕೊಂತವನ್ನು ಕೂದಲೆಳೆಯಷ್ಟು ಎತ್ತಿ ನೋಡಿದಳು. ಯಂತ್ರದ ವೇಗವು ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ಕುಗ್ಗಿ ನಿಲ್ಲುವಂತಾದರೆ ಕಡಮೆ. ಕ್ಷಣಮಾತ್ರ ಏರಿ ಮತ್ತೆ ಮೊದಲಿನಂತಾದರೆ ಸರಿ.

ಉಳಿದ ನಿತ್ಯಕರ್ಮಗಳನ್ನು ತಂದೆ ನಮಗೆ ಎಣಿಸಿ ಹೇಳಿದರು. ಕವಾಟಗಳ ಸಂದಿಯನ್ನು ಯಂತ್ರವು ತಣ್ಣಗಿರುವಾಗ ಅಂಗುಲದ ಸಾವಿರದಲ್ಲಿ 15 ಪಾಲಿಗೂ, ಸ್ಪಾರ್ಕ್ ಪ್ಲಗ್ಗಿನ ಸಂದಿಯನ್ನು 25 ಪಾಲಿಗೂ ಹೊಂದಿಸಬೇಕು. ಮುಂಗಾಲಿಗಳ ತಿರುಗುಣಿಗಳಿಗೆ ಸುಮಾರು 3,000 ಮೈಲಿಗೊಮ್ಮೆ ಗ್ರೀಸನ್ನು ಒತ್ತಬೇಕು. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಕುಡಿಯುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಕಾರಿನ ಅಡಿಗೆ ಹೋಗುವ ಮುಂಚೆ ಗಟ್ಟಿಯಾದ ಉಕ್ಕಿನ ಪೀಠಗಳನ್ನು ಕೊಡಬೇಕೇ ಹೊರತು ಜಾಕಿಯೊಂದನ್ನೇ ನಂಬಿ ತಲೆಯನ್ನು ಒಡ್ಡಕೂಡದು. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು.

ಆದರೆ ಇಂತಹ ಕಾರಿನ ನಿಜವಾದ ಶತ್ರು ತುಕ್ಕು. ಎಂ.ಜಿ.ಬಿ.ಗೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿಲ್ಲ. ತಗಡಿನ ಮೈಯೇ ಭಾರವನ್ನು ಹೊರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳಾದ ತೊಲೆಗಳೇ ಮೇಲ್ಛಾವಣಿಯಿಲ್ಲದ ಈ ಕಾರಿಗೆ ಬೆನ್ನೆಲುಬು. ಅವು ಒಳಗಿನಿಂದ ಕೊಳೆಯುತ್ತವೆ; ಹೊರಗೆ ಬಣ್ಣವು ಕನ್ನಡಿಯಂತೆ ಹೊಳೆಯುತ್ತಿರಬಹುದು. ಇದನ್ನು ಕಂಡುಹಿಡಿಯುವ ಉಪಾಯವನ್ನು ಅವರು ತೋರಿಸಿದರು. ಕಾರನ್ನು ಪಕ್ಕದಿಂದ ಜಾಕಿಯಲ್ಲಿ ಎತ್ತುವಾಗ ಬಾಗಿಲಿನ ಸಂದಿಯು ಕಿರಿದಾದರೆ ತೊಲೆಯು ಸತ್ತಿದೆಯೆಂದು ತಿಳಿಯಬೇಕು. ಅಯಸ್ಕಾಂತವು ಅಂಟದ ಕಡೆಯಲ್ಲಿ ತಗಡಿನ ಬದಲಿಗೆ ಮೆತ್ತಿದ ಹಿಟ್ಟಿರುವುದು. ತೊಲೆಯನ್ನು ಕತ್ತರಿಸಿ ಹೊಸದನ್ನು ಬೆಸೆಯುವಾಗ ಬಾಗಿಲಿನ ತೆರಪಿಗೆ ಅಡ್ಡವಾಗಿ ಉಕ್ಕಿನ ಸರಳುಗಳನ್ನು ಕೊಟ್ಟು ಬಿಗಿಯದಿದ್ದರೆ ಕಾರು ನಡುವೆ ಬಾಗಿ, ಬಾಗಿಲುಗಳು ಎಂದಿಗೂ ಮುಚ್ಚಲಾರವು. ಈ ಕೆಲಸವನ್ನು ಮಾತ್ರ ಅವರು ತಾವೇ ಮಾಡದೆ, ಬೆಸುಗೆಯಲ್ಲಿ ಪಳಗಿದವರಿಂದ ಮಾಡಿಸಿದರು.

ಇದರಲ್ಲಿ ಎಚ್ಚರಿಕೆಯು ಅಗತ್ಯವಾದುದಕ್ಕೆ ಮತ್ತೊಂದು ಕಾರಣವೂ ಉಂಟು. ಆ ದೇಶದಲ್ಲಿ ಕಾರುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡುವುದು ಕಡ್ಡಾಯ. ಆದರೆ 2018ರ ಮೇ ತಿಂಗಳಿಂದ, ನಲವತ್ತು ವರ್ಷ ದಾಟಿದ, ಮತ್ತು ಹಿಂದಿನ ಮೂವತ್ತು ವರ್ಷಗಳಲ್ಲಿ ಮೂಲಸ್ವರೂಪವು ಹೆಚ್ಚಾಗಿ ಬದಲಾಗದ ಕಾರುಗಳಿಗೆ ಈ ಕಟ್ಟಳೆಯಿಂದ ವಿನಾಯಿತಿಯನ್ನು ಕೊಟ್ಟಿದ್ದಾರೆ. ಕಾರನ್ನು ಸುಸ್ಥಿತಿಯಲ್ಲಿಡುವ ಹೊಣೆಯು ಮಾತ್ರ ಯಜಮಾನನ ಮೇಲೆ ಇದ್ದೇ ಇದೆ. ಪರೀಕ್ಷಕನ ಕಣ್ಣು ಇಲ್ಲದ ಮೇಲೆ ಗೃಹಸ್ಥನ ಮನಸ್ಸಾಕ್ಷಿಯೇ ಪರೀಕ್ಷಕನಾಗಬೇಕಷ್ಟೆ. ವಿನಾಯಿತಿಯಿದ್ದರೂ ಈ ತಂದೆ ಮಕ್ಕಳು ಪ್ರತಿ ವರ್ಷವೂ ಹಣ ಕೊಟ್ಟು ಕಾರನ್ನು ಪರೀಕ್ಷೆ ಮಾಡಿಸುತ್ತಾರೆಂದು ತಿಳಿದು ನಮಗೆ ಅವರ ಮೇಲಿನ ಗೌರವವು ಇಮ್ಮಡಿಯಾಯಿತು.

ಇನ್ನು ಬದಲಾವಣೆಯ ವಿಷಯ. ಹಳೆಯ ಕಾರನ್ನು ಇದ್ದಂತೆಯೇ ಇಡಬೇಕೋ, ತಿದ್ದಬಹುದೋ, ತಿದ್ದಿದರೆ ಎಲ್ಲಿಯವರೆಗೆ, ಎಂಬ ವಾದವು ಈ ಹವ್ಯಾಸದವರಲ್ಲಿ ಮುಗಿಯುವಂತಹದಲ್ಲ. ನಮಗೆ ತಿಳಿದಮಟ್ಟಿಗೆ ಬದಲಾವಣೆಗಳು ಮೂರು ತೆರ. ಮೊದಲನೆಯವು ಕಾಲವೇ ಹೇರಿದವು. ಸೀಸ ಬೆರಸಿದ ಪೆಟ್ರೋಲಿನ ಸಾಮಾನ್ಯ ಮಾರಾಟವು ಅಲ್ಲಿ 2000ದ ಮೊದಲಲ್ಲಿ ನಿಂತಿತು. ಹಳೆಯ ಯಂತ್ರದ ಕವಾಟಗಳ ಪೀಠಗಳನ್ನು ಆ ಸೀಸವೇ ಸವೆಯದಂತೆ ಕಾಯುತ್ತಿದ್ದುದರಿಂದ, ಗಡಸು ಉಕ್ಕಿನ ಪೀಠಗಳನ್ನು ಕೂರಿಸಬೇಕಾಯಿತು. 2021ರಲ್ಲಿ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರಸಲಾರಂಭಿಸಿದರು. ಅದು ಹಳೆಯ ರಬ್ಬರನ್ನು ತಿನ್ನುವುದರಿಂದ ಕೊಳವೆಗಳನ್ನೂ ಬದಲಾಯಿಸಬೇಕಾಯಿತು.

ಎರಡನೆಯವು ಕ್ಷೇಮಕ್ಕಾಗಿ ಮಾಡತಕ್ಕವು. ಭದ್ರವಾದ ಸೀಟು ಪಟ್ಟಿಗಳು, ದೀಪಗಳ ತಂತಿಗೆ ಹೆಚ್ಚಿನ ಫ್ಯೂಸುಗಳು ಮೊದಲಾದವು ಈ ವರ್ಗದವು. ಮೂರನೆಯವು ಆಸೆಯಿಂದ ಹುಟ್ಟಿದವು: ಹೆಚ್ಚಿನ ಶಕ್ತಿ, ಅಗಲವಾದ ಟಯರು, ದೊಡ್ಡ ಯಂತ್ರ. ಇಲ್ಲಿಯೇ ತೊಡಕು. 1,798 ಘನ ಸೆಂಟಿಮೀಟರಿನ ಯಂತ್ರಕ್ಕೆ ಬಲವನ್ನು ಹೆಚ್ಚಿಸಿದರೆ ಬ್ರೇಕು ಸಾಲದು. ಬ್ರೇಕನ್ನು ಬದಲಾಯಿಸಿದರೆ ಸ್ಪ್ರಿಂಗು ಸಾಲದು. ಒಂದು ಕೋಣೆಯ ಗೋಡೆಯನ್ನು ಕೆಡವಿದವನು ಮನೆಯನ್ನೆಲ್ಲ ಕಟ್ಟಿಸಬೇಕಾಗುವಂತೆ ಆಗುತ್ತದೆ. ಎಂಟು ಸಿಲಿಂಡರಿನ ದೊಡ್ಡ ಯಂತ್ರವನ್ನು ಕಾರ್ಖಾನೆಯವರೇ 1973ರಿಂದ 1976ರವರೆಗೆ ಈ ಕಾರಿನ ಮುಚ್ಚಿದ ಮಾದರಿಯಲ್ಲಿ ಇಟ್ಟು ಮಾರಿದುದುಂಟು. ಆದರೆ ಕಾರ್ಖಾನೆಯವರು ಲೆಕ್ಕ ಹಾಕಿ ಮಾಡಿದುದನ್ನು ಕೊಟ್ಟಿಗೆಯಲ್ಲಿ ಅಂದಾಜಿನಿಂದ ಮಾಡುವುದು ಬೇರೆ.

ತಂದೆಗೂ ಮಗಳಿಗೂ ಇದ್ದ ವ್ಯಾಜ್ಯವು ಗೇರಿನ ಪೆಟ್ಟಿಗೆಯದು. ಈ ಕಾರಿಗೆ ಇರುವುದು ನಾಲ್ಕೇ ಗೇರು. ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿನ ವೇಗದಲ್ಲಿ ಹೋದರೆ ಯಂತ್ರವು ನಿಮಿಷಕ್ಕೆ ಸುಮಾರು 4,000 ಸುತ್ತು ಸುತ್ತುತ್ತದೆ, ಕಿವಿ ಚೀರುತ್ತದೆ. ಬೇರೆ ಕಾರಿನ ಐದು ಗೇರಿನ ಪೆಟ್ಟಿಗೆಯನ್ನು ಕೂರಿಸಿದರೆ ಬ್ರಿಸ್ಟಲಿಗೆ ಹೋಗಿ ಬರುವುದು ಸುಲಭವೆಂದು ಮಗಳ ವಾದ. ತಂದೆಗೆ ಇದು ಸಮ್ಮತವಲ್ಲ. “ಆ ಕೂಗೇ ಈ ಕಾರಿನ ದನಿ. ಅದನ್ನು ಅಡಗಿಸಿದ ಮೇಲೆ ಇದು ಯಾವ ಕಾರು?” ಎಂದು ಅವರು ಕೇಳಿದರು. ಮಗಳು ಕೈಯೊರಸಿಕೊಳ್ಳುತ್ತ, “ಅಪ್ಪ, ಓಡದ ಕಾರಿನ ಬ್ರೇಕು ಕಚ್ಚಿಕೊಳ್ಳುತ್ತದೆ, ಪೆಟ್ರೋಲು ಕೆಡುತ್ತದೆ, ರಬ್ಬರು ಒಣಗುತ್ತದೆಂದು ನನಗೆ ಕಲಿಸಿದವರು ನೀವೇ. ನನಗೆ ಇದು ಓಡಿಸುವುದಕ್ಕೆ ಬೇಕು, ನೋಡುವುದಕ್ಕಲ್ಲ” ಎಂದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆಮೇಲೆ ತಂದೆ ಎದ್ದು ಗೂಡಿನಿಂದ ದಪ್ಪವಾದ ಪುಸ್ತಕವೊಂದನ್ನು ತೆಗೆದರು. ಕಾರಿಗೆ ಮಾಡಿದ ಪ್ರತಿಯೊಂದು ಕೆಲಸವನ್ನೂ ಅವರು ಅದರಲ್ಲಿ ಬರೆದಿಟ್ಟಿದ್ದಾರೆ: ದಿನಾಂಕ, ಮೈಲಿ, ತೆಗೆದುದು ಏನು, ಹಾಕಿದುದು ಏನು, ಏತಕ್ಕೆ, ತೆಗೆದುದನ್ನು ಎಲ್ಲಿ ಇರಿಸಿದೆ. ಹಳೆಯ ತಂತಿಗಳಿಗೂ ಚೀಟಿ ಕಟ್ಟಿ ಡಬ್ಬಿಗಳಲ್ಲಿ ಇಟ್ಟಿದ್ದರು. ಅವರ ನಿಯಮವು ಒಂದೇ. ಮತ್ತೆ ಮೊದಲಿನಂತೆ ಮಾಡಲು ಬರುವ ಬದಲಾವಣೆಯನ್ನು ಮಾಡಬಹುದು. ಮೈಯನ್ನು ಕತ್ತರಿಸಿ, ಹಿಂದಿರುಗುವ ದಾರಿಯನ್ನೇ ಮುಚ್ಚುವುದನ್ನು ಮಾಡಕೂಡದು. ಹಳೆಯ ಗೇರಿನ ಪೆಟ್ಟಿಗೆಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಮೂಲೆಯಲ್ಲಿ ಭದ್ರವಾಗಿರಿಸುವ ಕರಾರಿನ ಮೇಲೆ ಅವರು ಒಪ್ಪಿದರು. ಪುಸ್ತಕವನ್ನು ಮಗಳ ಕೈಗೆ ಕೊಟ್ಟು, ಇನ್ನು ಮುಂದೆ ಬರೆಯುವವಳು ನೀನು ಎಂದರು.

ಗೃಹಸ್ಥರಿಗೆ ನಾವು ತಿಳಿಸಬೇಕೆಂದಿದ್ದ ವಿಷಯವು ಇದೇ. ಮನೆಗೆ ಹಿರಿಯರಿಂದ ಬಂದ ವಸ್ತುವನ್ನು ಮುಟ್ಟದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದು ಕೆಡುತ್ತದೆ. ಮನಸ್ಸಿಗೆ ಬಂದಂತೆ ತಿದ್ದಿದರೆ ಅದು ಬೇರೆಯೇ ವಸ್ತುವಾಗುತ್ತದೆ. ಬಳಸುತ್ತ, ಬೇಕಾದಷ್ಟೇ ತಿದ್ದುತ್ತ, ತಿದ್ದಿದುದನ್ನು ಬರೆದಿಡುತ್ತ ಬಂದರೆ ಅದು ಮುಂದಿನವರ ಕೈಗೆ ಉಪಯುಕ್ತವಾಗಿ ಸೇರುತ್ತದೆ. ಕಾರ್ಖಾನೆಯ ಗೋಡೆಗಳು ಬಿದ್ದ ಮೇಲೆಯೂ ಆಬಿಂಗ್ಡನ್ನಿನ ಕಾರುಗಳು ಬದುಕಿರುವುದು ಹೀಗೆ.