ಬೂದಿಯನ್ನು ಕಾದ ಹತ್ತು ದಿನ

ಮಧುಗಿರಿಯ ನಮ್ಮ ಮನೆಯ ಬಚ್ಚಲ ಒಲೆಗೆ ಇವತ್ತಿಗೂ ಕಡ್ಲೆಕಾಯಿ ಸಿಪ್ಪೆಯೇ ಉರುವಲು. ಒಂದು ಮೊರ ಸುರಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ನೋಡನೋಡುತ್ತ ಇಳಿದುಬಿಡುತ್ತದೆ. ಅದಕ್ಕೇ ಹಂಡೆಯ ನೀರು ಕಾಯುವವರೆಗೆ ಒಬ್ಬರು ಒಲೆ ಮುಂದೆ ಕೂತೇ ಇರಬೇಕು. ಹೋದ ಚಳಿಗಾಲದಲ್ಲಿ ಒಂದು ಸಂಜೆ ನಾನು ಹಾಗೆ ಕೂತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗಳು ಮಣೆ ಎಳೆದುಕೊಂಡು ಪಕ್ಕಕ್ಕೆ ಬಂದಳು. ಅವಳ ನಾಲ್ಕು ವರ್ಷದ ಮಗನ ಮುಂಗೈ ಮೇಲೆ ಮೂರು ಗೀರು ಒಣಗಿ ಕಪ್ಪಾಗಿದ್ದವು. ನಾನು ಬೆಳಿಗ್ಗೆಯೇ ನೋಡಿದ್ದೆ, ಕೇಳಿರಲಿಲ್ಲ.

"ದೊಡ್ಡಮ್ಮ, ನಮ್ಮ ಬೆಕ್ಕನ್ನ ಎಲ್ಲಾದ್ರೂ ಬಿಟ್ಟುಬಿಡೋಣ ಅಂತಾರೆ ಇವರು. ಎರಡು ಸಲ ಆಯ್ತು. ನನಗೆ ಮನಸ್ಸೇ ಬರ್ತಿಲ್ಲ."

"ಇಂಜೆಕ್ಷನ್ ಹಾಕಿಸಿದ್ಯಾ?"

"ಅವತ್ತೇ ನಲ್ಲಿ ಕೆಳಗೆ ಸೋಪು ಹಾಕಿ ಕಾಲು ಗಂಟೆ ತೊಳೆದೆ. ಇಂಜೆಕ್ಷನ್ನೂ ಅವತ್ತೇ ಶುರು ಮಾಡಿಸಿದೆ. ಇಪ್ಪತ್ತೆಂಟನೇ ದಿನದ್ದೊಂದು ಬಾಕಿ ಇದೆ."

"ಹಾಗಾದ್ರೆ ಕೂತ್ಕೋ" ಅಂದೆ. ಇನ್ನೊಂದು ಮೊರ ಸಿಪ್ಪೆ ಸುರಿದು ಅವಳಿಗೆ ಬೂದಿಯ ಕತೆ ಹೇಳಿದೆ. ನಲವತ್ತು ವರ್ಷದಿಂದ ಅದನ್ನು ನಾನು ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ.

ಅದು 1983. ನನಗೆ ಹನ್ನೊಂದು ವರ್ಷ. ಹಿಂದಿನ ಮುಂಗಾರಿನಲ್ಲಿ ಅಪ್ಪ ಕೊರಟಗೆರೆ ಸಂತೆಗೆ ಹೋದವರು ಅಂಗಿಯ ಜೇಬಿನಲ್ಲಿ ಒಂದು ಬೆಕ್ಕಿನ ಮರಿ ತಂದಿದ್ದರು. ಕಣ್ಣು ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ, ಹಾಲು ನೆಕ್ಕಲೂ ಬರುತ್ತಿರಲಿಲ್ಲ. ಬತ್ತಿಯನ್ನು ಹಾಲಿನಲ್ಲಿ ಅದ್ದಿ ನಾನೇ ಚೀಪಿಸಿದೆ. ರಾತ್ರಿಯಾದರೆ ಆರಿದ ಒಲೆಯೊಳಗೆ ಹೋಗಿ ಮಲಗುತ್ತಿತ್ತು. ಬೆಳಿಗ್ಗೆ ಬೂದಿ ಬಳಿದುಕೊಂಡು ಎದ್ದು ಬರುತ್ತಿತ್ತು. ಮೈಬಣ್ಣವೂ ಅದೇ. ಹಾಗಾಗಿ ಬೂದಿ ಎಂದೇ ಹೆಸರಾಯಿತು. ಅಜ್ಜಿ ಮಾತ್ರ ಕೊನೆಯವರೆಗೂ 'ಪಿಲ್ಲಿ' ಅಂದಳು. ಅಜ್ಜಿಯ ತವರು ಪಾವಗಡ ತಾಲ್ಲೂಕು. ಮೂರು ಕಡೆ ಆಂಧ್ರ ಸುತ್ತುವರಿದ ಆ ನಾಡಿನಲ್ಲಿ ಬೆಕ್ಕು, ಇಲಿ, ಮುನಿಸು, ಮುದ್ದು ಎಲ್ಲವೂ ತೆಲುಗಿನಲ್ಲಿಯೇ.

ಬೆಕ್ಕು ಸಾಕಿದ್ದು ಚಂದಕ್ಕಲ್ಲ. ಕಾರ್ತಿಕದಲ್ಲಿ ಕಿತ್ತ ಕಡ್ಲೆಕಾಯಿಯಲ್ಲಿ ಆಷಾಢದ ಬಿತ್ತನೆಗೆಂದು ಏಳು ಚೀಲ ಎತ್ತಿಡುತ್ತಿದ್ದೆವು. ಟಿಎಂವಿ-2 ಬೀಜ, ಮಳೆ ಕೈಕೊಡುವ ನಮ್ಮ ಸೀಮೆಗೆ ಆಗ ಅದೇ ಒಗ್ಗಿದ್ದು. ಕಾಯಿ ಸುಲಿದಿಟ್ಟರೆ ಮೊಳಕೆ ಕೆಡುತ್ತದೆಂದು ಸಿಪ್ಪೆ ಸಮೇತ ಇಡುವುದು, ಅದಕ್ಕೆ ಇಲಿ ಬೀಳುವುದು. ಒಂದು ಚೀಲಕ್ಕೆ ತೂತು ಬಿತ್ತೆಂದರೆ ವಾರದಲ್ಲಿ ಮೂಲೆಯಲ್ಲಿ ಸಿಪ್ಪೆಯ ಗುಡ್ಡೆ. ಬೂದಿ ಬಂದ ವರ್ಷ ಒಂದು ಚೀಲವೂ ಹರಿಯಲಿಲ್ಲ.

ಮಾಘದಲ್ಲಿ ಸಿರಾದಿಂದ ಸೋದರತ್ತೆ ಎರಡನೇ ಬಾಣಂತನಕ್ಕೆ ಬಂದಳು. ಜೊತೆಗೆ ಮೂರು ವರ್ಷದ ಮಗ. ಬೀಜದ ಚೀಲಗಳಿದ್ದ ಹಿಂದಿನ ಕೋಣೆಯನ್ನೇ ಖಾಲಿ ಮಾಡಿ, ಸುಣ್ಣ ಹೊಡೆದು, ಬಾಣಂತಿ ಕೋಣೆ ಮಾಡಿದರು. ಚೀಲಗಳು ನಡುಮನೆಗೆ ಬಂದವು. ಬೂದಿ ಮಾತ್ರ ಬರಲಿಲ್ಲ. ಮನೆಗೆ ಬಂದಾಗಿನಿಂದ ಅದರ ಠಾವು ಆ ಕೋಣೆಯ ಕಿಟಕಿಯ ಕಟ್ಟೆ. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಘಾಟು, ಕೂಸಿನ ಅಳು ಎಲ್ಲದರ ನಡುವೆ ಅದು ಅಲ್ಲಿಯೇ ಹೋಗಿ ಕೂರುತ್ತಿತ್ತು, ಓಡಿಸಿದಷ್ಟೂ ಮತ್ತೆ ಬರುತ್ತಿತ್ತು. ಅತ್ತೆಗೆ ತೊಟ್ಟಿಲಿನದೇ ದಿಗಿಲು. ತೊಟ್ಟಿಲ ಮೇಲೊಂದು ಸೀರೆ ಕಟ್ಟಿದ್ದಳು.

ಎರಡು ಸಲ ಹುಡುಗನಿಗೆ ಪರಚಿತು. ಬಾಲ ಎಳೆದಿರಬೇಕು ಎಂದು ಸುಮ್ಮನಾದೆವು. ಮೂರನೆಯ ಸಲ ದೀಪ ಹಚ್ಚುವ ಹೊತ್ತು. ಹುಡುಗ ಕೋಣೆಯಲ್ಲಿ ಅಡ್ಡಡ್ಡ ಓಡುತ್ತಿದ್ದ. ಕಿಟಕಿಯಿಂದ ಬೂದಿ ಹಾರಿ ಅವನ ಮೀನಖಂಡಕ್ಕೆ ಹಲ್ಲು ಊರಿತು, ಬಿಡಿಸಿದರೂ ಬಿಡಲಿಲ್ಲ. ಅವನ ಕಿರುಚಾಟ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಕ್ಕಪಕ್ಕದವರು ಸುಣ್ಣ ತನ್ನಿ, ಮೆಣಸಿನಕಾಯಿ ಅರೆಯಿರಿ ಅಂದರು. ಹಚ್ಚಿಯೂ ಹಚ್ಚಿದರು. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ನೋಡಿ, ಮೊದಲು ಮಾಡಬೇಕಾದ್ದು ಸೋಪು-ನೀರಿನಲ್ಲಿ ತೊಳೆಯುವುದು ಎಂದು ತಾವೇ ಕೂತು ತೊಳೆದರು.

ಆಗಿನ ರೇಬೀಸ್ ಇಂಜೆಕ್ಷನ್ ಈಗಿನಂಥದ್ದಲ್ಲ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆ, ಹೊಕ್ಕಳ ಸುತ್ತ ದಿನಕ್ಕೊಂದು, ಹದಿನಾಲ್ಕು. ಇಡೀ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಮೂರು ವರ್ಷದ ಕೂಸಿನ ಹೊಟ್ಟೆಯಲ್ಲಿ ಹದಿನಾಲ್ಕು ಸೂಜಿಗೆ ಜಾಗವೆಲ್ಲಿ! ನಾಲ್ಕನೇ ದಿನಕ್ಕೆ ಅವನ ಹೊಟ್ಟೆ ಗಂಟುಗಂಟಾಗಿ ಊದಿತ್ತು. ಆಸ್ಪತ್ರೆಯ ಗೇಟು ಕಂಡರೆ ಅಪ್ಪನ ಕೊರಳಿಗೆ ಜೋತುಬಿದ್ದು ನಡುಗುತ್ತಿದ್ದ. ಬೆಕ್ಕಿನ ಕತೆ ಹೇಳುವವರು ಈ ಹೊಟ್ಟೆಯನ್ನು ಮರೆಯಬಾರದು ಎಂದೇ ನಾನು ಇದನ್ನು ಬಿಡಿಸಿ ಹೇಳುತ್ತೇನೆ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. "ಬೆಕ್ಕನ್ನ ಕೊಲ್ಲಬೇಡಿ, ಎಲ್ಲಿಗೂ ಬಿಡಬೇಡಿ. ಕೂಡಿಹಾಕಿ ಹತ್ತು ದಿನ ನೋಡಿ. ಹತ್ತು ದಿನ ಅದು ಚೆನ್ನಾಗಿದ್ದರೆ ಉಳಿದ ಇಂಜೆಕ್ಷನ್ ಬೇಡ. ಕಳೆದುಹೋದರೆ ಹದಿನಾಲ್ಕೂ ಆಗಲೇಬೇಕು."

ಹಾಗೆ ಬೂದಿಯ ಜೀವಕ್ಕೆ ಹತ್ತು ದಿನದ ಗಡುವು ಸಿಕ್ಕಿತು. ಬಾಣಂತಿಯನ್ನೂ ಮಕ್ಕಳನ್ನೂ ಮುಂದಿನ ಕೋಣೆಗೆ ಕರೆತಂದು, ಬೂದಿಯನ್ನು ಹಿಂದಿನ ಕೋಣೆಯಲ್ಲಿ ಕೂಡಿದರು. ಕಾಯುವ ಕೆಲಸ ಅಜ್ಜಿಯದು. ಅವಳ ಪಕ್ಕದಲ್ಲಿ ಮಲಗುವುದು ನನ್ನ ಹಟ.

ಮಾರನೆಯ ದಿನ ಸಿರಾದಿಂದ ಮಾವ ಬಂದರು. ಕೂಗಾಡುವ ಮನುಷ್ಯರಲ್ಲ. ಮಗನ ಕಾಲು ನೋಡಿ, ಹೊಟ್ಟೆ ನೋಡಿ, ಜಗುಲಿಯಲ್ಲಿ ಕೂತು ಒಂದೇ ಮಾತು ಕೇಳಿದರು: "ಅತ್ತೆ, ಕಣ್ಣಿಗೆ ಬಿದ್ದಿದ್ರೆ?" ಅಜ್ಜಿ ಉತ್ತರ ಕೊಡಲಿಲ್ಲ. ಆ ಮಾತಿಗೆ ಉತ್ತರವಿರಲಿಲ್ಲ. ಆಗ ಮಾವನ ಮೇಲೆ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬಂದಿತ್ತು. ಆದರೆ ಅವರು ಕೇಳಿದ್ದು ನ್ಯಾಯವಾಗಿತ್ತು.

ಹತ್ತು ದಿನ ಕಳೆದ ಮೇಲೆ ಏನು ಅನ್ನುವ ಮಾತು ದಿನವೂ ಊಟದ ಹೊತ್ತಿಗೆ ಏಳುತ್ತಿತ್ತು. ಗೋಣಿಚೀಲದಲ್ಲಿ ಕಟ್ಟಿ ಜಯಮಂಗಲಿಯಿಂದಾಚೆ ಬಿಟ್ಟುಬಂದರೆ ಆಯಿತು, ಹೊಳೆ ದಾಟಿದ ಬೆಕ್ಕು ತಿರುಗಿ ಬರುವುದಿಲ್ಲ ಎಂದರು ಒಬ್ಬರು. "ಹೊಳೇಲಿ ನೀರೆಲ್ಲೈತೆ? ಮರಳ ಮ್ಯಾಲೆ ನಡಕೊಂಡು ಬತ್ತೈತೆ" ಅಂದಳು ಅಜ್ಜಿ. ಇನ್ನೊಬ್ಬರು ಅದಕ್ಕಿಂತ ಕೆಟ್ಟದ್ದು ಹೇಳಿದರು. ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಹೋಗಲ್ಲ ಎಂದು ಅಜ್ಜಿ ಎದ್ದು ಹೋದಳು. ಅಪ್ಪನ ಲೆಕ್ಕ ಬೇರೆ. ಬೆಕ್ಕು ಹೋದರೆ ಇಲಿ ಬರುತ್ತದೆ. ಇಲಿಗೆ ಪಾಷಾಣ ಇಡಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಹುಡುಗ ಮನೆಯಲ್ಲಿದ್ದಾನೆ. ಬೆಕ್ಕಿದ್ದರೂ ಭಯ, ಇಲ್ಲದಿದ್ದರೂ ಭಯ. ಅಪ್ಪ ಅನ್ನ ಕಲಸುತ್ತಲೇ ಕೂತಿರುತ್ತಿದ್ದರು.

ಅಜ್ಜಿಗೆ ಸಿಟ್ಟೂ ಇರಲಿಲ್ಲ, ತೀರ್ಪೂ ಇರಲಿಲ್ಲ. ಅವಳು ನೋಡುತ್ತಿದ್ದಳು. ಬಾಗಿಲ ಸಂದಿನಲ್ಲಿ ಮಣೆ ಹಾಕಿಕೊಂಡು, ಹುಣಸೆಹಣ್ಣಿನ ಬೀಜ ಬಿಡಿಸುತ್ತ, ದಿನವಿಡೀ. ಹಗಲೆಲ್ಲ ಬೂದಿ ಮಲಗುತ್ತಿತ್ತು, ಹಾಲು ಕುಡಿಯುತ್ತಿತ್ತು, ಮೈ ನೆಕ್ಕಿಕೊಳ್ಳುತ್ತಿತ್ತು. "ಬುದ್ಧಿ ಕೆಟ್ಟಿರೋ ಪಿಲ್ಲಿ ಹಿಂಗಿರಲ್ಲ ಕಣಮ್ಮಾ."

ಮೂರನೆಯ ದಿನ ಮಧುಗಿರಿ ಬೆಟ್ಟದ ನೆರಳು ಊರ ಮೇಲೆ ಇಳಿಯುವ ಹೊತ್ತಿಗೆ ಅಜ್ಜಿ ನನ್ನ ರಟ್ಟೆ ಹಿಡಿದಳು. ಬೂದಿ ಕಿಟಕಿ ಕಟ್ಟೆಯ ಮೇಲೆ ಬೆನ್ನು ಬಿಲ್ಲಾಗಿಸಿ ನಿಂತಿತ್ತು. ಕಿವಿ ತಲೆಗಂಟಿದ್ದವು, ಬಾಲ ಸೀಸೆ ತೊಳೆಯುವ ಕುಂಚದಂತೆ ಉಬ್ಬಿತ್ತು, ಗಂಟಲಿನಿಂದ ಮಗುವಿನ ಅಳುವಿನಂಥ ದನಿ. ಹಿತ್ತಲ ಗೋಡೆಯ ಮೇಲೆ ಯಾರದೋ ಕರಿಬೆಕ್ಕು, ಅಲುಗದೆ ಕೂತು ಒಳಗೆ ನೋಡುತ್ತಿತ್ತು. ಅಷ್ಟರಲ್ಲಿ ಅಜ್ಜಿ ಕಾಲು ಸರಿಸಿದಳು, ಕಾಲುಂಗುರ ನೆಲಕ್ಕೆ ತಾಕಿ ಸದ್ದಾಯಿತು. ಬೂದಿ ತಿರುಗಿದ್ದೇ ಬಾಗಿಲಿಗೆ ಹಾರಿತು. ಸಂದು ಮುಚ್ಚದಿದ್ದರೆ ಅಜ್ಜಿಯ ಪಾದವೇ ಸಿಗುತ್ತಿತ್ತು.

ಎಷ್ಟೋ ವರ್ಷದ ಮೇಲೆ ಒಬ್ಬ ಪಶುವೈದ್ಯರು ನನಗೆ ಇದನ್ನು ಬಿಡಿಸಿ ಹೇಳಿದರು: ಕೈಗೆ ಸಿಗದ ಬೆಕ್ಕಿನ ಮೇಲಿನ ರೋಷವನ್ನು ಹತ್ತಿರ ಅಲುಗಾಡಿದ್ದರ ಮೇಲೆ ತೀರಿಸಿಕೊಳ್ಳುವುದು ಬೆಕ್ಕಿನ ಸ್ವಭಾವ, ಒಮ್ಮೆ ಕೆರಳಿದರೆ ತಣಿಯಲು ಗಂಟೆಗಳೇ ಬೇಕಾಗಬಹುದು ಎಂದು. ಅಜ್ಜಿ ಆ ದಿನವೇ ಅಂದಿದ್ದಳು, "ಇದರ ಜಗಳ ನಮ್ಮ ಕೂಸಿನ ಜೊತೆ ಅಲ್ಲವೇ ಅಲ್ಲ."

ಮಾರನೆಯ ದಿನ ಕಿಟಕಿಗೆ ಗೋಣಿ ಹೊಡೆದಳು. ಅವತ್ತಿನ ಸಂಜೆ ಬೂದಿ ಅಲುಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಓಡಿಹೋಗಿ ಎಲ್ಲರಿಗೂ ಸಾರಿದೆ. ಬೂದಿ ಗೆದ್ದಿತ್ತು. ಅತ್ತೆ ಕೂಡ ಒಂದು ಗಳಿಗೆ ಮುಖ ಸಡಿಲಿಸಿದಳು.

ಆರನೆಯ ರಾತ್ರಿ ಅಜ್ಜಿ ಬೂದಿಯನ್ನು ನಾವು ಮಲಗುವ ಕಡೆಗೆ ಬಿಟ್ಟಳು. ನಾನು ನಿದ್ದೆಗಣ್ಣಿನಲ್ಲಿ ಕಂಬಳಿಯೊಳಗೆ ಕಾಲು ಅಲ್ಲಾಡಿಸಿದೆ. ಬೂದಿ ನಾಲ್ಕು ಕಾಲಲ್ಲಿ ಅದನ್ನು ತಬ್ಬಿ ಕಚ್ಚಿತು. ಕಿಟಕಿಗೆ ಗೋಣಿಯಿತ್ತು. ಕರಿಬೆಕ್ಕು ಇರಲಿಲ್ಲ. ಅಜ್ಜಿ ಲಾಟೀನು ಎತ್ತಿ ನನ್ನ ಮುಖ ನೋಡಿದಳು. ಆ ಬೆಳಕಿನಲ್ಲಿ ನನ್ನಿಂದ ತಡೆಯಲಾಗಲಿಲ್ಲ.

ನಾನೇ ಕಲಿಸಿದ್ದೆ. ಮರಿ ಬಂದ ದಿನದಿಂದ ರಾತ್ರಿ ಕಂಬಳಿಯೊಳಗೆ ಕಾಲು ಆಡಿಸುವುದು, ಅದು ಬಂದು ಹಿಡಿಯುವುದು, ನಾನು ನಗುವುದು. ಬೆರಳು ಕುಣಿಸಿದರೆ ಕಚ್ಚಬೇಕು, ಕಚ್ಚಿದರೆ ಮುದ್ದು. ಆಗ ಅದರ ಹಲ್ಲು ಅಕ್ಕಿಕಾಳಿನಷ್ಟು, ನೋವೇ ಆಗುತ್ತಿರಲಿಲ್ಲ. ತಾಯಿ, ಒಡಹುಟ್ಟಿದ ಮರಿಗಳ ಜೊತೆ ಎರಡು ತಿಂಗಳಾದರೂ ಇದ್ದಿದ್ದರೆ, ಜೋರಾಗಿ ಕಚ್ಚಿದಾಗ ಅವು ತಿರುಗಿ ಬಿದ್ದು, ಆಟ ಬಿಟ್ಟು ಹೋಗಿ, ಎಷ್ಟು ಕಚ್ಚಬೇಕೆಂದು ಕಲಿಸುತ್ತಿದ್ದವಂತೆ. ಬೂದಿಗೆ ಇದ್ದವಳು ನಾನೊಬ್ಬಳೇ. ಮೂರು ವರ್ಷದ ಹುಡುಗನ ಓಡುವ ಕಾಲು ಅದಕ್ಕೆ ನನ್ನ ಕಂಬಳಿಯ ಆಟವೇ ಆಗಿತ್ತು. ಅಳುತ್ತ ಇದನ್ನೆಲ್ಲ ಹೇಳಿದೆ. ಅಜ್ಜಿ ಬಯ್ಯಲಿಲ್ಲ. "ಕಲಿಸಿದ್ದು ಮರೆಸೋಕೆ ಎಷ್ಟು ದಿನ ಬೇಕಾಗುತ್ತೆ ಮಗಾ?" ಅಂದಳು. ನನಗೆ ಗೊತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಕೂಸು ಎದ್ದು ಅತ್ತಿತು. "ಅದು ಇನ್ನು ನಾಕು ತಿಂಗಳಿಗೆ ಅಂಬೆಗಾಲು ಇಡುತ್ತೆ" ಎಂದು ಅಜ್ಜಿ ಲಾಟೀನು ಇಳಿಸಿದಳು.

ಇಲ್ಲಿಗೆ ಬಂದಾಗ ತಂಗಿಯ ಮಗಳು ಒಲೆ ಕಡೆ ನೋಡುತ್ತ, "ನಾವೂ ಮಗನಿಗೆ ಬೆಕ್ಕನ್ನ ಕೈಯಲ್ಲೇ ಆಡಿಸೋದು ಕಲಿಸಿದೀವಿ ದೊಡ್ಡಮ್ಮ, ವಿಡಿಯೊ ಮಾಡೋಕೆ" ಅಂದಳು. ನಾನು ಅವಳಿಗೆ ಅಂದದ್ದು ಇಷ್ಟು: ನಿನ್ನ ಕೈಯಲ್ಲಿ ನನ್ನ ಅಜ್ಜಿಗೆ ಇಲ್ಲದ್ದು ಬಹಳ ಇದೆ. ಬೆಕ್ಕನ್ನು ಪಶುವೈದ್ಯರಿಗೆ ತೋರಿಸು, ಹಲ್ಲುನೋವಿದ್ದರೂ ಬೆಕ್ಕು ಮುಟ್ಟಿದವರನ್ನು ಕಚ್ಚುತ್ತದೆ. ಸಂತಾನಹರಣ ಮಾಡಿಸು. ಕೈ ಬಿಟ್ಟು ಕೋಲಿಗೆ ಕಟ್ಟಿದ ದಾರದಲ್ಲಿ ಆಡಿಸು. ಹುಡುಗನ ಕೈಗೆಟಕದ ಎತ್ತರದಲ್ಲಿ ಅದಕ್ಕೊಂದು ಜಾಗ ಕೊಡು, ಅಲ್ಲಿರುವಾಗ ಮುಟ್ಟಬಾರದೆಂದು ಅವನಿಗೆ ಹೇಳು. ನೀನು ಎದುರಿಗಿಲ್ಲದಾಗ ಇಬ್ಬರ ನಡುವೆ ಬಾಗಿಲು ಹಾಕಿರಲಿ. ಇಷ್ಟಾದರೂ ನಿಲ್ಲದಿದ್ದರೆ ಮನೆ ಹುಡುಕಿ ಕೊಡು, ಇರುವ ದೋಷ ಮುಚ್ಚಿಡದೆ ಹೇಳಿ ಕೊಡು. ಬೀದಿಗೆ ಮಾತ್ರ ಬಿಡಬೇಡ. ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಹತ್ತನೆಯ ದಿನ ಬೂದಿ ಎಂದಿನಂತೆ ಹಾಲು ಕುಡಿಯಿತು. ಹುಡುಗನ ಇಂಜೆಕ್ಷನ್ ಹತ್ತಕ್ಕೆ ನಿಂತಿತು. ಉಳಿದ ನಾಲ್ಕು ಬೇಡ ಎಂದಾಗ ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಮನೆಗೆ ಬಂದವರು ಅಜ್ಜಿಗೆ, "ಬೆಕ್ಕಿಗೂ ಒಂದು ದಾರಿ ಮಾಡಿ ಅತ್ತೆ, ಸಾಯಿಸೋದು ಬೇಡ" ಅಂದರು. ಅಜ್ಜಿ ಆಗಲೇ ಪಾವಗಡಕ್ಕೆ ಹೇಳಿಕಳಿಸಿದ್ದಳು. ನಾಗಲಮಡಿಕೆ ಕಡೆಯ ಅವಳ ತಮ್ಮನ ಮನೆಯಲ್ಲಿ ಇದ್ದವರು ಇಬ್ಬರೇ ಮುದುಕರು, ಅಟ್ಟದ ತುಂಬ ಕಡ್ಲೆಕಾಯಿ ಚೀಲ, ಚೀಲದ ತುಂಬ ಇಲಿ.

ಬಿದಿರು ಬುಟ್ಟಿಗೆ ಮುಚ್ಚಳ ಬಿಗಿದು ಬಸ್ಸಿನಲ್ಲಿ ಕರೆದೊಯ್ದೆವು. ನಾನು ದಾರಿಯುದ್ದಕ್ಕೂ ಅಜ್ಜಿಯ ಮೇಲೆ ಮುನಿಸಿಕೊಂಡಿದ್ದೆ. ಈಗ ಆ ಸೀಮೆಯಲ್ಲಿ ತಿರುಮಣಿಯ ಸುತ್ತ ಸಾವಿರಾರು ಎಕರೆ ಸೋಲಾರ್ ಫಲಕ ಹಾಸಿವೆ. ಅವತ್ತು ಕಣ್ಣು ಹಾಯುವಷ್ಟೂ ಬೋಳು ಕೆಂಪು ಹೊಲ, ಮಳೆ ಕಾಯುತ್ತಿತ್ತು. ಅಜ್ಜಿ ತಮ್ಮನಿಗೆ ಒಂದೊಂದೇ ಹೇಳಿದಳು: ಕಾಲು ಆಡಿಸಬೇಡ, ಕೈಯಲ್ಲಿ ಆಟ ಬೇಡ, ಬೇರೆ ಬೆಕ್ಕು ಕಂಡಾಗ ಹತ್ತಿರ ಹೋಗಬೇಡ, ಮೊಮ್ಮಕ್ಕಳು ಬಂದರೆ ಅಟ್ಟಕ್ಕೆ ಕಳಿಸು. ತಾತ ಎಲ್ಲದಕ್ಕೂ "ಸರೇ ಅಕ್ಕಾ" ಅಂದರು.

ಬೀಜದ ಚೀಲಗಳನ್ನು ಅಪ್ಪ ಆ ವರ್ಷ ತೊಲೆಗೆ ಹಗ್ಗದಲ್ಲಿ ನೇತುಹಾಕಿದರು. ಹಾಗಿದ್ದೂ ಎರಡು ಚೀಲ ಹೋದವು. ಪಾಷಾಣ ಇಡಲಿಲ್ಲ.

ಮುಂದಿನ ಬೇಸಿಗೆ ರಜಕ್ಕೆ ಪಾವಗಡಕ್ಕೆ ಹೋದೆ. ಬೂದಿ ಅಟ್ಟದ ಏಣಿಯ ಕೆಳಗೆ ಮಲಗಿತ್ತು, ಮೈ ತುಂಬಿಕೊಂಡಿತ್ತು. ಎದ್ದು ಬಂದು ನನ್ನ ಕಾಲಿನ ಸುತ್ತ ಮೂಸಿತು. ನಾನು ಬೆರಳು ಮಡಚಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಲುಗದೆ ನಿಂತೆ. ಅದು ತುಂಬ ಹೊತ್ತು ನೋಡಿತು. ಆಮೇಲೆ ನನ್ನ ಪಾದಕ್ಕೆ ಬೆನ್ನು ಆನಿಸಿ, ಅಲ್ಲಿಯೇ ಮಲಗಿತು. ತಾತ ಊಟಕ್ಕೆ ಮೂರು ಸಲ ಕರೆದರು. ನಾನು ಕಾಲು ಕದಲಿಸಲಿಲ್ಲ.