ಪೇಟೆಯ ದಾರಿಯಲ್ಲಿ ಮುಂಬಯಿ

ರಜೆ ಬಂದರೆ ಮುಂಬಯಿಗೆ ಹೊರಡುವ ಕನ್ನಡ ಕುಟುಂಬಗಳು ಇಂದಿಗೂ ಬೇಕಾದಷ್ಟಿವೆ. ಕರಾವಳಿಯವರಿಗೂ ಉತ್ತರ ಕರ್ನಾಟಕದವರಿಗೂ ಅಲ್ಲಿ ಒಬ್ಬ ಚಿಕ್ಕಪ್ಪನೋ ಸೋದರತ್ತೆಯೋ ಇದ್ದೇ ಇರುತ್ತಾರೆ. ಹೋದವರ ದಿನಚರಿ ಮಾತ್ರ ಬಹುಪಾಲು ಒಂದೇ ತೆರ. ಮೊದಲ ದಿನ ‘ಮುಂಬಯಿ ದರ್ಶನ’ದ ಬಸ್ಸು: ಗೇಟ್‌ವೇ, ಮ್ಯೂಸಿಯಂ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ, ಜುಹೂ, ದಾರಿಯಲ್ಲಿ ನಾಲ್ಕಾರು ಸಿನಿಮಾ ನಟರ ಮನೆಯ ಗೇಟುಗಳು. ಊಟ ಎಲ್ಲಿ ಬಸ್ಸು ನಿಲ್ಲುತ್ತದೋ ಅಲ್ಲಿ. ಖರೀದಿಗೆ ಉಳಿಯುವುದು ಕೊನೆಯ ದಿನದ ಸಂಜೆ, ಅದೂ ಗಡಿಯಾರ ನೋಡಿಕೊಂಡು. ನೋಡುವುದು ಪ್ರವಾಸದ ನಿಜವಾದ ಕೆಲಸ, ತಿನ್ನುವುದು ಹೊಟ್ಟೆಯ ಕೆಲಸ, ಕೊಳ್ಳುವುದು ಮನೆಯವರ ಒತ್ತಾಯದ ಕೆಲಸ ಎಂಬ ಲೆಕ್ಕ ಇದರ ಹಿಂದಿದೆ. ಹಂಪಿಗೋ ಬೇಲೂರಿಗೋ ಈ ಲೆಕ್ಕ ಸರಿಹೋಗುತ್ತದೆ. ಮುಂಬಯಿಯ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ ಎಂಬುದು ನನ್ನ ವಾದ. ವ್ಯಾಪಾರದಿಂದಲೇ ಎದ್ದು ನಿಂತ ಈ ಊರಿನಲ್ಲಿ ಪೇಟೆಯನ್ನೂ ಖಾನಾವಳಿಯನ್ನೂ ಮೊದಲು ಹೊಕ್ಕವರಿಗೆ ಕಟ್ಟಡಗಳು ಅರ್ಥವಾಗುತ್ತವೆ. ಕಟ್ಟಡಗಳನ್ನಷ್ಟೇ ನೋಡಿದವರಿಗೆ ಫೋಟೋ ಉಳಿಯುತ್ತದೆ, ಊರು ಕೈಗೆ ಸಿಗುವುದಿಲ್ಲ.

ರಾಜಾಬಾಯಿ ಗಡಿಯಾರ ಗೋಪುರವನ್ನೇ ತೆಗೆದುಕೊಳ್ಳಿ. ಓವಲ್ ಮೈದಾನದ ಅಂಚಿನಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ನಿಂತಿರುವ ಅದನ್ನು ಬಸ್ಸಿನ ಗೈಡು ಒಂದು ವಾಕ್ಯದಲ್ಲಿ ಮುಗಿಸುತ್ತಾನೆ: ಇಂಗ್ಲೆಂಡಿನ ಗಿಲ್ಬರ್ಟ್ ಸ್ಕಾಟನ ವಿನ್ಯಾಸ, 1878ರಲ್ಲಿ ಪೂರ್ಣವಾಯಿತು. ಅದಕ್ಕೆ ಹಣ ಕೊಟ್ಟವನು ಪ್ರೇಮ್‌ಚಂದ್ ರಾಯ್‌ಚಂದ್ ಎಂಬ ಹತ್ತಿ ಮತ್ತು ಷೇರುಗಳ ವ್ಯಾಪಾರಿ. ರಾಜಾಬಾಯಿ ಅವನ ತಾಯಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆ ಹತ್ತಿಗಾಗಿ ಅವು ಮುಂಬಯಿಯ ಕಡೆ ಕೈಚಾಚಿದವು. ನಾಲ್ಕು ವರ್ಷ ಊರಿಗೆ ಊರೇ ದುಡ್ಡಿನ ಹೊಳೆಯಲ್ಲಿ ಮಿಂದಿತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಕುಸಿದು, ಸಮುದ್ರ ತುಂಬಿಸುವ ಕಂಪನಿಗಳ ಷೇರುಗಳು ಕಾಗದದ ಚೂರುಗಳಾದವು. ಪ್ರೇಮ್‌ಚಂದನೂ ಮುಳುಗಿದ. ಆದರೆ ಕೈತುಂಬಾ ಇದ್ದ ಕಾಲದಲ್ಲಿ ಅವನು ಕೊಟ್ಟ ದಾನ ಕಲ್ಲಾಗಿ ನಿಂತಿತು. ಆ ಹತ್ತಿಯಲ್ಲಿ ನಮ್ಮದೂ ಒಂದು ಪಾಲಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿ ಸೇರುತ್ತಿತ್ತು. ಮುಂಬಯಿಯ ಹತ್ತಿ ಪೇಟೆಯಲ್ಲಿ ‘ಕುಮಟಾ’ ಎಂಬುದು ಒಂದು ತಳಿಯ ಹೆಸರೇ ಆಗಿಹೋಗಿತ್ತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಈ ಹತ್ತಿಗೂ ನಂಟುಂಟು. ಇಷ್ಟು ತಿಳಿದು ಆ ಗೋಪುರದ ಕೆಳಗೆ ನಿಲ್ಲುವ ಹುಬ್ಬಳ್ಳಿಯ ಪ್ರವಾಸಿಗೆ ಅದು ಪರಕೀಯ ಗಾತಿಕ್ ಕಟ್ಟಡವಾಗಿ ಉಳಿಯುವುದಿಲ್ಲ. ನವಲಗುಂದದ ಕರಿಮಣ್ಣಿನ ಬೆವರು ಅಲ್ಲಿಯವರೆಗೂ ಹೋಗಿದೆ.

ಹಾಗಾದರೆ ಆರಂಭ ಎಲ್ಲಿಂದ? ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಕೊನೆಗೆ ಇಳಿಯುವುದೇ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಟ್ಟಡದೊಳಗೆ. ಫ್ರೆಡರಿಕ್ ಸ್ಟೀವನ್ಸ್ ಕಟ್ಟಿದ ಆ ರೈಲು ನಿಲ್ದಾಣಕ್ಕೆ 1887ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿಟ್ಟಿದ್ದರು. ಈಗ ಅದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ಹೊತ್ತು ನಡೆದರೆ ಕ್ರಾಫರ್ಡ್ ಮಾರ್ಕೆಟ್, ಇಂದಿನ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ. 1869ರಲ್ಲಿ ಮುಗಿದ ಈ ಮಾರುಕಟ್ಟೆಯ ಬಾಗಿಲ ಮೇಲಿನ ಉಬ್ಬುಶಿಲ್ಪಗಳಲ್ಲಿ ಇರುವವರು ದೇವರಲ್ಲ, ದೊರೆಯಲ್ಲ. ಹೊಲದಲ್ಲಿ ದುಡಿಯುವ ರೈತರು. ಕೆತ್ತನೆಯ ವಿನ್ಯಾಸ ಲಾಕ್‌ವುಡ್ ಕಿಪ್ಲಿಂಗ್‌ನದು. ಕೆಳಗೆ ಇಂದಿಗೂ ಹಣ್ಣಿನ ಬುಟ್ಟಿಗಳು, ಏಪ್ರಿಲ್-ಮೇ ತಿಂಗಳಾದರೆ ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ಆಪೂಸು ಮಾವು. ರಸ್ತೆ ದಾಟಿದರೆ ಮಂಗಳದಾಸ್ ಮಾರ್ಕೆಟ್ಟಿನ ಬಟ್ಟೆಯ ಓಣಿಗಳು, ಅದರಾಚೆ ಮೂಲ್‌ಜಿ ಜೇಠಾ ಮಾರ್ಕೆಟ್ಟಿನ ಸಗಟು ವ್ಯಾಪಾರ, ಇನ್ನೂ ಮುಂದೆ ಜವೇರಿ ಬಜಾರು, ಅದರ ಪಕ್ಕದಲ್ಲೇ ಊರದೇವತೆ ಮುಂಬಾದೇವಿಯ ಗುಡಿ. ನಿಲ್ದಾಣ, ಮಂಡಿ, ಬಟ್ಟೆ, ಚಿನ್ನ, ದೇವಿ ಎಲ್ಲವೂ ಒಂದೇ ನಡಿಗೆಯ ದಾರಿಯಲ್ಲಿ. ರೈಲು ಸರಕು ತಂದಿತು, ಸರಕು ಮಂಡಿ ಕಟ್ಟಿಸಿತು, ಮಂಡಿಯ ಲಾಭ ಜವೇರಿ ಬಜಾರಿನಲ್ಲಿ ಚಿನ್ನವಾಗಿ ಕೂತಿತು. ತಲೆಯ ಮೇಲೆ ತಾನುಗಳ ಗಂಟು ಹೊತ್ತ ಹಮಾಲರು ‘ಬಾಜೂ, ಬಾಜೂ’ ಎನ್ನುತ್ತ ನುಗ್ಗುವ ಆ ಓಣಿಯಲ್ಲಿ ಅರ್ಧ ದಿನ ಕಳೆದವರಿಗೆ ಊರಿನ ಆರ್ಥಿಕ ಚರಿತ್ರೆಯನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಇಂದು ಎಲ್ಲ ಊರಿನಲ್ಲೂ ಎಲ್ಲ ಸರಕೂ ಸಿಗುತ್ತದೆ. ಸೂರತ್ತಿನ ಸೀರೆ ಮುಂಬಯಿಗೆ ಬರುವಂತೆಯೇ ದಾವಣಗೆರೆಗೂ ಬರುತ್ತದೆ. ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ಅದಕ್ಕಾಗಿ ಸಾವಿರ ಕಿಲೋಮೀಟರ್ ಹೋಗಿ ಬಿಸಿಲಲ್ಲಿ ಒದ್ದಾಡುವುದೇಕೆ? ಸರಕಿಗಾಗಿ ಮಾತ್ರ ಹೋಗುವುದಾದರೆ ಹೋಗಬಾರದು ಎಂದೇ ನಾನೂ ಹೇಳುವೆ. ಮಾಲ್‌ಗಳಲ್ಲಿ ಕಳೆದ ರಜೆ ಯಾವ ಊರಿನಲ್ಲಿ ಕಳೆದರೂ ಒಂದೇ. ಆದರೆ ಮಂಗಳದಾಸಿನಲ್ಲಿ ಎರಡೂವರೆ ಮೀಟರ್ ಬಟ್ಟೆ ಕತ್ತರಿಸಿಕೊಳ್ಳುವಾಗ ನಡೆಯುವುದು ಬರೀ ಖರೀದಿಯಲ್ಲ. ಗಾದಿಯ ಮೇಲೆ ಕೂತ ಅಂಗಡಿಯವನು ತಾನಿನ ಮೇಲೆ ತಾನು ಬಿಚ್ಚಿ ಹರಡುತ್ತಾನೆ. ಗುಜರಾತಿ, ಮರಾಠಿ, ಹಿಂದಿಗಳ ನಡುವೆ ಅವನು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ. ಸಗಟಿನವನಿಗೆ ಒಂದು ಬೆಲೆ, ಚಿಲ್ಲರೆಯವನಿಗೆ ಇನ್ನೊಂದು. ಎರಡರ ನಡುವಿನ ಸಂದು ಚೌಕಾಶಿಯ ಜಾಗ. ಅಪರಿಚಿತರು ಒಬ್ಬರನ್ನೊಬ್ಬರು ನಂಬಿ ವ್ಯವಹಾರ ಮಾಡುವ ಕಲೆಯೇ ಈ ಊರಿನ ಅಸಲು ಬಂಡವಾಳ. ಟೌನ್ ಹಾಲಿನ ಎದುರಿನ ಆಲದ ಮರಗಳ ಕೆಳಗೆ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಷೇರುಪೇಟೆ ಕಟ್ಟಿಕೊಂಡದ್ದೂ ಅದೇ ಕಲೆಯಿಂದ. ಅದನ್ನು ನೋಡಲು ಟಿಕೆಟ್ಟಿಲ್ಲ, ಗಿರಾಕಿಯಾಗಿಯೇ ನೋಡಬೇಕು. ಕಡಿಮೆ ಕೊಳ್ಳಿ, ಒಂದೇ ವಸ್ತು ಕೊಳ್ಳಿ, ಆದರೆ ಹೊತ್ತು ಕೊಟ್ಟು ಕೊಳ್ಳಿ. ಸೂಟ್‌ಕೇಸು ಭಾರವಾಗಬೇಕೆಂಬ ಹಟ ನನ್ನದಲ್ಲ.

ತಿನ್ನುವ ವಿಷಯಕ್ಕೆ ಬಂದರೆ ಇನ್ನೊಂದು, ಹೆಚ್ಚು ಚುಚ್ಚುವ ಆಕ್ಷೇಪವಿದೆ. ವಡಾಪಾವ್ ದುಡಿಯುವವರ ಹೊಟ್ಟೆಯ ಆತುರದಿಂದ ಹುಟ್ಟಿದ ತಿನಿಸು. 1966ರ ಸುಮಾರಿಗೆ ದಾದರ್ ನಿಲ್ದಾಣದ ಬಳಿ ಅಶೋಕ್ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನೊಳಗಿಟ್ಟು ಮಾರತೊಡಗಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಪರೇಲ್, ಲಾಲ್‌ಬಾಗ್‌ಗಳ ಗಿರಣಿ ಕಾರ್ಮಿಕರಿಗೆ ಪಾಳಿಯ ನಡುವೆ ನಿಂತಲ್ಲೇ ತಿಂದು ಓಡಬಹುದಾದ ಊಟ ಅದಾಯಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಗೆಲ್ಲಲಿಲ್ಲ, ಗಿರಣಿಗಳೂ ಮೊದಲಿನಂತೆ ತಿರುಗಲಿಲ್ಲ. ಕೆಲಸ ಹೋದವರ ಬದುಕಿನ ಮೇಲೆ ಬೆಳೆದ ತಿನಿಸನ್ನು ಪ್ರವಾಸಿ ‘ಮುಂಬಯಿಯ ಸ್ಪೆಷಲ್’ ಎಂದು ಚಪ್ಪರಿಸುವುದು ಸರಿಯೇ? ಪ್ರಶ್ನೆಯ ತೂಕ ನನಗೆ ಗೊತ್ತು. ಆದರೆ ವಡಾಪಾವಿನ ಗಾಡಿಯಿಂದ ದೂರ ಸರಿದರೆ ಆ ಗಾಡಿಯವನಿಗೆ ಯಾವ ಗೌರವವೂ ಸಲ್ಲುವುದಿಲ್ಲ. ಲೋವರ್ ಪರೇಲಿನ ಫೀನಿಕ್ಸ್ ಮಾಲಿಗೆ ಹೋಗುವವರು ಅದು ಫೀನಿಕ್ಸ್ ಮಿಲ್ಲಿನ ನೆಲವೆಂಬುದನ್ನು ತಿಳಿದು ಹೋಗಲಿ, ಅಲ್ಲೇ ಉಳಿದಿರುವ ಹೊಗೆಕೊಳವೆಯತ್ತ ಒಮ್ಮೆ ತಲೆಯೆತ್ತಲಿ, ಹೊರಬಂದು ಬೀದಿಯಲ್ಲಿ ಕಾರ್ಮಿಕರು ತಿಂದದ್ದನ್ನೇ ತಿನ್ನಲಿ. ಬೆಳ್ಳುಳ್ಳಿಯ ಒಣಚಟ್ನಿ, ಉಪ್ಪು ಹಚ್ಚಿ ಕರಿದ ಹಸಿಮೆಣಸು, ಮೇಲೊಂದು ಲೋಟ ಕಟಿಂಗ್ ಚಾ. ಆ ಕಾರ್ಮಿಕರನ್ನು ಯಾವ ದರ್ಶನದ ಬಸ್ಸೂ ತೋರಿಸುವುದಿಲ್ಲ.

‘ಮುಂಬಯಿಗೆ ಹೋಗಿ ಇಡ್ಲಿ ತಿನ್ನುವುದೇ?’ ಎಂದು ಕೇಳುವವರಿಗೆ ಉತ್ತರ ಮಾಟುಂಗಾದಲ್ಲಿದೆ. ನಮ್ಮ ಪ್ರವಾಸಿಗಳು ಎರಡು ತುದಿಗಳಿಗೆ ಎಳೆಯುತ್ತಾರೆ. ಕೆಲವರಿಗೆ ಎಲ್ಲಿ ಹೋದರೂ ಅನ್ನ-ಸಾರು ಬೇಕು. ಕೆಲವರಿಗೆ ಹೊರ ಊರಿನಲ್ಲಿ ನಮ್ಮ ತಿಂಡಿ ಮುಟ್ಟುವುದೇ ಅವಮಾನ. ಮಾಟುಂಗಾದಲ್ಲಿ ಇಬ್ಬರ ನಿಲುವೂ ಸಡಿಲವಾಗಬೇಕು. 1896ರ ಪ್ಲೇಗಿನ ನಂತರ ಹಳೆಯ ಊರಿನ ಇಕ್ಕಟ್ಟು ತಗ್ಗಿಸಲು ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್-ಮಾಟುಂಗಾ ಬಡಾವಣೆಗಳನ್ನು ಯೋಜಿಸಿತು. ಕಚೇರಿಗಳ ಗುಮಾಸ್ತಿಕೆಗೆ ಬಂದ ದಕ್ಷಿಣದವರು ಅಲ್ಲಿ ನೆಲೆಸಿದರು. ಅವರಿಗೆ ಅಡುಗೆ ಮಾಡಿ ಬಡಿಸಲು ತುಳುನಾಡಿನ ಹುಡುಗರು ಬಂದರು. ಹೆಚ್ಚಿನವರು ಮನೆಯ ಬಡತನದಿಂದ ಹೊರಟವರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ರೈಲು ನಿಲ್ದಾಣದ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಯೆಲೆಯ ಊಟ ಸಿಗುತ್ತದೆ. ಹತ್ತಿರದಲ್ಲೇ 1939ರ ರಾಮ ಆಶ್ರಯ ಇದೆ. ಕಿಂಗ್ಸ್ ಸರ್ಕಲ್ಲಿನ ಸುತ್ತ ಇನ್ನೂ ಹಲವು ಹೋಟೆಲುಗಳಿವೆ. ಎಂಜಲೆತ್ತುವ ಕೆಲಸದಿಂದ ಶುರುಮಾಡಿ, ಹಗಲು ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು, ಬ್ಯಾಂಕು ಸೇರಿದವರು, ವಕೀಲರಾದವರು ಅನೇಕ. ಯಾರು ಯಾರ ಪಕ್ಕ ಕೂತು ಉಣ್ಣಬಹುದೆಂಬ ಕಟ್ಟಳೆಗಳು ಊರುಗಳಲ್ಲಿ ಬಿಗಿಯಾಗಿದ್ದ ಕಾಲದಲ್ಲಿ ಈ ಹೋಟೆಲುಗಳ ಬೆಂಚುಗಳು ಕೇಳಿದ್ದು ತಿಂಡಿಯ ಕಾಸು. ಆ ಕಾಸಿನ ಸಮಾನತೆ ಪೂರ್ಣವಾದದ್ದಾಗಿರಲಿಲ್ಲ, ಭೇದಗಳು ಅಡುಗೆಮನೆಯಲ್ಲಿ ಬೇಗ ಕರಗಲೂ ಇಲ್ಲ. ಆದರೂ ಬೆಂಚಿನ ಮೇಲೆ ಅವು ಸಡಿಲವಾದವು, ಇದು ಸಣ್ಣ ಸಂಗತಿಯಲ್ಲ. ಉಡುಪಿಯ ಅಡುಗೆಯೂ ಇಲ್ಲಿ ಊರಿಗೆ ತಕ್ಕಂತೆ ಹೊರಳಿತು: ಗುಜರಾತಿ ಗಿರಾಕಿಯ ನಾಲಿಗೆಗೆ ಸಾಂಬಾರಿಗೆ ಬೆಲ್ಲ ಹೆಚ್ಚಾಯಿತು, ಮೆನುವಿನಲ್ಲಿ ಪಾವ್‌ಭಾಜಿಯೂ ದೋಸೆಯೂ ಅಕ್ಕಪಕ್ಕ ಕೂತವು. ಆದ್ದರಿಂದ ಮಾಟುಂಗಾದ ಇಡ್ಲಿ ಮುಂಬಯಿಯದೇ ತಿನಿಸು. ಊಟವಾದ ಮೇಲೆ ಅಲ್ಲಿನ ಮಾರ್ಕೆಟ್ಟಿನಲ್ಲಿ ಹುರಿದು ಪುಡಿಮಾಡಿಕೊಡುವ ಕಾಫಿ, ದಂಡೆ ಮಲ್ಲಿಗೆ, ಬಾಳೆಯೆಲೆಯ ಕಟ್ಟು ನೋಡಿ, ಭಾವು ದಾಜಿ ರಸ್ತೆಯಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಶನ್ನಿಗೂ ಹೋಗಿಬನ್ನಿ. ನಾಟಕ, ಭಾಷಣ, ಪುಸ್ತಕ ಬಿಡುಗಡೆ ಯಾವುದಾದರೂ ಇದ್ದರೆ ಒಂದು ಸಂಜೆ ಅದಕ್ಕೆ ಮೀಸಲಿಡುವುದು ಗೇಟ್‌ವೇ ಮುಂದಿನ ಇನ್ನೊಂದು ಫೋಟೋಗಿಂತ ಲೇಸು.

ನನ್ನ ವಾದ ಎಲ್ಲಕ್ಕೂ ಒಗ್ಗುತ್ತದೆಂದು ಹೇಳಲಾರೆ. ಘಾರಾಪುರಿ, ಅಂದರೆ ಎಲಿಫೆಂಟಾ, ಅದಕ್ಕೆ ಸಿಗುವುದಿಲ್ಲ. ಆರನೆಯ ಶತಮಾನದ ಆ ಗುಹೆಯಲ್ಲಿ ಐದು ಮೀಟರಿಗೂ ಎತ್ತರದ ಮೂರು ಮುಖಗಳ ಸದಾಶಿವನ ಮುಂದೆ ನಿಂತಾಗ ತಿನ್ನುವುದೂ ಕೊಳ್ಳುವುದೂ ನೆನಪಿಗೆ ಬರಬೇಕಾಗಿಲ್ಲ. ದೋಣಿಯಲ್ಲಿ ಒಂದು ಗಂಟೆ, ಮೆಟ್ಟಿಲು ಹತ್ತುವ ದಾರಿಯ ಅಂಗಡಿಸಾಲು, ಇವೆಲ್ಲ ಆ ಮುಖಗಳಿಗೆ ಸಂಬಂಧಪಡದವು. ಆದರೂ ಒಂದು ಮಾತು ಸೇರಿಸಬೇಕು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಎರಡನೆಯ ಪುಲಕೇಶಿ ಹಡಗುಗಳೊಡನೆ ಹೋಗಿ ಪಶ್ಚಿಮ ಸಮುದ್ರದ ಸಿರಿಯಾಗಿದ್ದ ಪುರಿ ಎಂಬ ನಗರವನ್ನು ಮುತ್ತಿದ್ದನ್ನು ವರ್ಣಿಸುತ್ತಾನೆ. ಆ ಪುರಿ ಈ ದ್ವೀಪವೇ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಅವರ ಗುರುತು ಸರಿಯಾದರೆ ಗುಹೆಯ ದೇವರ ಸುತ್ತಲೂ ಒಂದು ಶ್ರೀಮಂತ ಬಂದರು ಇತ್ತು. ಹಾಗೆಂದು ಆ ಮೂರ್ತಿಯನ್ನು ವ್ಯಾಪಾರದಿಂದ ವಿವರಿಸಲು ನಾನು ಹೊರಟರೆ ಅದು ಹಟವಾದೀತು. ಘಾರಾಪುರಿಗೆ ಇಡೀ ಒಂದು ಹಗಲು ಕೊಡಿ, ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಉಳಿದದ್ದು ವ್ಯವಹಾರದ ಆಕ್ಷೇಪ: ಮೂರೇ ದಿನ, ಜೊತೆಗೆ ವಯಸ್ಸಾದ ತಂದೆತಾಯಿ, ಚಿಕ್ಕ ಮಕ್ಕಳು; ಓಣಿಗಳಲ್ಲಿ ಅಲೆಯಲು ಆಗುವುದೇ? ಬಸ್ಸಿನಲ್ಲಿ ಕೂತರೆ ಕಾಲಾದರೂ ನೋಯುವುದಿಲ್ಲ. ನಿಜವಾಗಿ ದಣಿಸುವುದು ಆ ಬಸ್ಸೇ. ಹತ್ತು ಕಡೆ ಇಳಿದು ಹತ್ತಿ, ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆದು, ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ಮುಗಿಯುವ ದಿನ ಅದು. ಒಂದು ದಿನಕ್ಕೆ ಒಂದೇ ವಠಾರ ಇಟ್ಟುಕೊಂಡರೆ ಹಿರಿಯರು ಇರಾನಿ ಕೆಫೆಯಲ್ಲಿ ಬ್ರನ್ ಮಸ್ಕಾ, ಚಹಾ ತರಿಸಿಕೊಂಡು ಕೂತಿರಬಹುದು, ಉಳಿದವರು ಸುತ್ತಿ ಬರಬಹುದು. ಧೋಬಿ ತಲಾವಿನ ಕಯಾನಿ 1904ರಿಂದ ಇದೆ, ಕ್ರಾಫರ್ಡ್ ಮಾರ್ಕೆಟ್ಟಿನಿಂದ ದೂರವೇನಲ್ಲ. ಲೋಕಲ್ ರೈಲನ್ನು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ನಾಲ್ಕರ ಒಳಗೆ ಹತ್ತಿದರೆ ಮಕ್ಕಳಿಗೂ ಕೂರಲು ಜಾಗ ಸಿಕ್ಕೀತು. ಸಗಟು ಪೇಟೆಗಳು ಭಾನುವಾರ ಬಹುಮಟ್ಟಿಗೆ ಮುಚ್ಚಿರುತ್ತವೆ, ಕೋಟೆ ಪ್ರದೇಶದ ಕಟ್ಟಡಗಳನ್ನು ನಡೆದು ನೋಡಲು ಆ ದಿನ ಒಳ್ಳೆಯದು. ಎಲಿಫೆಂಟಾಗೆ ಸೋಮವಾರ ರಜೆ. ಮಳೆಗಾಲದಲ್ಲಿ ಕಡಲು ಒರಟಾದರೆ ದೋಣಿಯೂ ಇಲ್ಲ. ಶನಿವಾರ ಬಂದಿಳಿಯುವವರು ಅಂದೇ ಮಂಗಳದಾಸ್ ಮತ್ತು ಕ್ರಾಫರ್ಡ್ ಮುಗಿಸಿ, ಭಾನುವಾರ ಬೆಳಿಗ್ಗೆ ರಾಜಾಬಾಯಿ ಗೋಪುರದ ಸುತ್ತ ನಡೆದು, ಸೋಮವಾರ ಮಧ್ಯಾಹ್ನಕ್ಕೆ ಮಾಟುಂಗಾದ ಇಡ್ಲಿಯ ಮುಂದೆ ಕೂರಬಹುದು. ನಾಲ್ಕನೆಯ ದಿನ ಸಿಕ್ಕಿದರೆ ಅದು ಘಾರಾಪುರಿಗೆ. ನಟರ ಮನೆಯ ಗೇಟುಗಳನ್ನು ಬಿಟ್ಟುಬಿಡಿ.