ತಾತನ ವ್ಯಾಕ್

ನಮ್ಮೂರಿನ ಮನೆಯಲ್ಲಿ ಕೋಳಿ ಕೂಗುವುದಕ್ಕಿಂತ ತುಸು ಮುಂಚೆ ತಾತ ಕೂಗುತ್ತಿದ್ದ. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಲ್ಲಿನಂತೆ ಬಗ್ಗಿಸಿ ನಾಲಿಗೆ ಹೆರೆಯಲು ಶುರುಮಾಡಿದನೆಂದರೆ ಹಿತ್ತಲಿನಿಂದ ಒಂದು ‘ಓ...ವ್ಯಾಕ್’ ಏಳುತ್ತಿತ್ತು. ಮೊದಲನೆಯದು ಮಂದ್ರದಲ್ಲಿ, ಎರಡನೆಯದು ಮಧ್ಯದಲ್ಲಿ, ಮೂರನೆಯದು ತಾರಕದಲ್ಲಿ. ಮೂರನೆಯದಕ್ಕೆ ಕೊಟ್ಟಿಗೆಯ ಎಮ್ಮೆ ಎದ್ದು ನಿಲ್ಲುತ್ತಿತ್ತು, ಅಜ್ಜಿ ಕಾಫಿಗೆ ನೀರಿಡುತ್ತಿದ್ದಳು. ಹೊಟ್ಟೆಯಿಂದ ಏನೂ ಬರುತ್ತಿರಲಿಲ್ಲ. ಬಂದೀತೆಂದು ಯಾರಿಗೂ ಆತಂಕವೂ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ದೊಡ್ಡದೊಂದು ಕೆಲಸ ಮುಗಿಸಿದ ಗತ್ತಿನಲ್ಲಿ ತಾತ ಜಗಲಿಗೆ ಬಂದು ಕೂರುತ್ತಿದ್ದ. ಒಂದು ದಿನ ಸದ್ದು ಕೇಳದಿದ್ದರೆ ಪಕ್ಕದ ಮನೆಯವರು ‘ಗೌಡ್ರಿಗೆ ಹುಷಾರಿಲ್ವಾ?’ ಎಂದು ವಿಚಾರಿಸುತ್ತಿದ್ದರು.

ಓಕರಿಕೆ, ವಾಕರಿಕೆ. ಎರಡು ಪದಗಳೂ ಆ ಸದ್ದನ್ನೇ ಹಿಡಿದು ಮಾಡಿದಂತಿವೆ. ವಾಂತಿಯೆಂದರೆ ಹೊಟ್ಟೆ, ವಪೆ, ಕಿಬ್ಬೊಟ್ಟೆಯ ಸ್ನಾಯುಗಳೆಲ್ಲ ಸೇರಿ ಮಾಡುವ ಸಾಮೂಹಿಕ ಕಾರ್ಯ. ತಾತನದು ಅದಲ್ಲ, ಬರೀ ಗಂಟಲಿನ ಕಾರುಬಾರು. ನಾಲಿಗೆಯ ಬುಡ, ಕಿರುನಾಲಿಗೆಯ ಆಸುಪಾಸು, ಟಾನ್ಸಿಲ್ ಕೂತಿರುವ ಗೂಡು, ಗಂಟಲಿನ ಹಿಂಗೋಡೆ, ಇವುಗಳಲ್ಲಿ ಎಲ್ಲಿಗೆ ಕಡ್ಡಿ ತಾಕಿದರೂ ಒಂಬತ್ತನೆಯ ಕಪಾಲ ನರ ಆ ದೂರನ್ನು ಮಿದುಳಿನ ಕಾಂಡಕ್ಕೆ ಒಯ್ಯುತ್ತದೆ. ಅಲ್ಲಿಂದ ಹೊರಟ ಆಜ್ಞೆಯನ್ನು ಹತ್ತನೆಯ ನರ, ಅಂದರೆ ವೇಗಸ್, ಹೊತ್ತು ತರುತ್ತದೆ. ಮೆದು ಅಂಗುಳು ಮೇಲೇಳುತ್ತದೆ, ನಾಲಿಗೆ ಹಿಂದಕ್ಕೆ ಸರಿಯುತ್ತದೆ, ಗಂಟಲಿನ ಗೋಡೆಗಳು ಎರಡೂ ಕಡೆಯಿಂದ ಹಿಂಡಿಕೊಳ್ಳುತ್ತವೆ. ತಾಕಿದ್ದು ಎಡಗಡೆ ಮಾತ್ರವಾದರೂ ಬಲಗಡೆಯೂ ಕೈಜೋಡಿಸುತ್ತದೆ. ಎಲ್ಲವೂ ಗ್ರಾಮಪಂಚಾಯಿತಿಯಲ್ಲೇ ಇತ್ಯರ್ಥ. ವಿಧಾನಸೌಧದಲ್ಲಿ ಕೂತ ‘ನಾನು’ ಎಂಬ ಮಹಾಶಯನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ‘ವ್ಯಾಕ್’ ಆಗಿಹೋಗಿರುತ್ತದೆ.

ಎಳೆಗೂಸುಗಳಲ್ಲಿ ಈ ಕಾವಲು ನಾಲಿಗೆಯ ಮೇಲೆ ಇನ್ನೂ ಮುಂದಕ್ಕೇ ಕೂತಿರುತ್ತದೆ. ತಿಂಗಳು ಕಳೆದಂತೆ ಹಿಂದಕ್ಕೆ ಸರಿಯುತ್ತದೆ. ರಾಗಿ ಸರಿಯ ಚಮಚ ಕೊಂಚ ಒಳಗೆ ಹೋದರೆ ಮಗು ಓಕರಿಸುವುದು ಅಮ್ಮನ ಕೈರುಚಿಯ ಮೇಲಿನ ವಿಮರ್ಶೆಯಲ್ಲ.

ತಾತನ ಗಂಟಲು ನನಗೆ ಬಳುವಳಿಯಾಗಿ ಬಂದಿದೆ ಎಂದು ತಿಳಿದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಮೇಲಿನ ದವಡೆಯ ಅಚ್ಚು ತೆಗೆಯಬೇಕಿತ್ತು. ಕಡಲಕಳೆಯಿಂದ ಬರುವ ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ, ಗುಲಾಬಿ ಬಣ್ಣದ ಆ ಹಿಟ್ಟನ್ನು ತಟ್ಟೆಯೊಂದರಲ್ಲಿ ತುಂಬಿ ಅಂಗುಳಿಗೆ ಒತ್ತಿದರು. ಅದು ಗಟ್ಟಿಯಾಗಲು ಬೇಕಾದದ್ದು ಒಂದೆರಡು ನಿಮಿಷ. ನನ್ನ ಪಾಲಿಗೆ ಅದೊಂದು ಗ್ರಹಣಕಾಲ. ಹಿಟ್ಟು ಹಿಂದಕ್ಕೆ ಜಾರಿದ್ದೇ ತಡ, ತಾತ ನನ್ನೊಳಗೆ ಎದ್ದು ಕೂತ. ‘ಮೂಗಲ್ಲಿ ಉಸಿರಾಡಿ ಸಾರ್, ಬಲಗಾಲು ಮೇಲೆತ್ತಿ ಹಿಡ್ಕೊಳ್ಳಿ’ ಎಂದರು ಡಾಕ್ಟರು. ಎತ್ತಿದೆ. ಕಾಲು ನಡುಗತೊಡಗಿ ಗಮನವೆಲ್ಲ ತೊಡೆಗೆ ಇಳಿಯಿತು, ಗಂಟಲು ತೆಪ್ಪಗಾಯಿತು. ಪಂಚಾಯಿತಿಯ ಕೆಲಸದಲ್ಲಿ ಮೇಲಿನವರ ಕೈವಾಡ ಇಲ್ಲವೇ ಇಲ್ಲ ಎನ್ನುವಂತಿಲ್ಲ, ನೋಡಿ. ಉಲ್ಟಾ ಕೈವಾಡವೂ ಉಂಟು. ಮುಂದಿನ ಸಲ ಆ ಹಿಟ್ಟಿನ ವಾಸನೆ ಮೂಗಿಗೆ ಬಡಿದಷ್ಟಕ್ಕೇ, ಬಾಯಿ ತೆರೆಯುವ ಮುಂಚೆಯೇ, ನನಗೆ ಓಕರಿಕೆ ಬಂತು. ಚಿಕ್ಕವರಿದ್ದಾಗ ಮೂಗು ಹಿಡಿದು ಹರಳೆಣ್ಣೆ ಕುಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆದರಲು ಕಲಿಯುವ ಗಂಟಲು ಸುಮ್ಮನಿರಲೂ ಕಲಿಯುತ್ತದೆ. ಹಠಯೋಗಪ್ರದೀಪಿಕೆ ಹೇಳುವ ಧೌತಿಯಲ್ಲಿ ನಾಲ್ಕು ಬೆರಳಗಲದ, ಹದಿನೈದು ಮೊಳ ಉದ್ದದ ಒದ್ದೆ ಬಟ್ಟೆಯನ್ನು ಮೆಲ್ಲಮೆಲ್ಲಗೆ ನುಂಗಿ ಮತ್ತೆ ಹೊರಗೆಳೆಯಬೇಕು. ನಮ್ಮ ಲೆಕ್ಕದಲ್ಲಿ ಸುಮಾರು ಇಪ್ಪತ್ತೆರಡೂವರೆ ಅಡಿ! ಕತ್ತಿ ನುಂಗುವ ಜಾದೂಗಾರರ ಗುಟ್ಟೂ ಇಷ್ಟೇ: ದಿನದಿನವೂ ಗಂಟಲನ್ನು ತಾಕಿ ತಾಕಿ ಕಾವಲುಗಾರನಿಗೆ ಬೇಸರ ಹುಟ್ಟಿಸುವುದು. ನಾನು ಬಟ್ಟೆಯ ಗೋಜಿಗೆ ಹೋಗಿಲ್ಲ. ಸ್ಟೀಲಿನ ಟಂಗ್ ಕ್ಲೀನರಿಗೇ ಕಣ್ಣೀರಿಡುವ ಜೀವ ನನ್ನದು.

ನನ್ನ ಹೆಂಡತಿಯ ಗಂಟಲು ಮಾತ್ರ ಬೇರೆ ಜಾತಿಯದು. ಅದೇ ಟಂಗ್ ಕ್ಲೀನರನ್ನು ನಾಲಿಗೆಯ ಬುಡದವರೆಗೆ ಎಳೆದರೂ ಅವಳಿಗೆ ಏನೂ ಆಗುವುದಿಲ್ಲ. ಇದು ರೋಗವಿರಬಹುದೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಆದರೆ 1995ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ನನ್ನ ಆಸೆಗೆ ತಣ್ಣೀರೆರಚಿತು. 140 ಆರೋಗ್ಯವಂತರ ಗಂಟಲು ಮುಟ್ಟಿ ನೋಡಿದಾಗ ಶೇಕಡಾ 37 ಮಂದಿಯಲ್ಲಿ ಓಕರಿಕೆ ಬರಲೇ ಇಲ್ಲವಂತೆ. ಓಕರಿಸದವರು ನುಂಗಲಾರರು ಎಂದೇನೂ ಇಲ್ಲ. ಅದೇ ಹಾದಿ, ಬಹುಪಾಲು ಅವೇ ನರಗಳು, ಆದರೆ ನುಂಗುವುದರ ಲೆಕ್ಕವೇ ಬೇರೆ.

ಬೇರೆ ಎಂಬುದಕ್ಕೆ ನಮ್ಮ ಊಟದೆಲೆಗಿಂತ ದೊಡ್ಡ ಪುರಾವೆ ಬೇಕಿಲ್ಲ. ಕಡ್ಡಿ ತಾಕಿದರೆ ಕುಣಿಯುವ ನನ್ನ ಗಂಟಲು ನಿಂಬೆಗಾತ್ರದ ಮುದ್ದೆಯ ತುತ್ತನ್ನು ಚಕಾರವೆತ್ತದೆ ಒಳಕ್ಕೆ ಬಿಡುತ್ತದೆ. ಅದೂ ಸವರಿಕೊಂಡು ಹೋಗುವುದು ಅದೇ ಗೋಡೆಗಳನ್ನೇ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಿದರೆ ಸಾಕು, ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಎಲೆಯಂಥ ಮುಚ್ಚಳ ಶ್ವಾಸದ ಬಾಯಿಯ ಮೇಲೆ ಬಾಗುತ್ತದೆ, ಉಸಿರು ಒಂದು ಗಳಿಗೆ ನಿಲ್ಲುತ್ತದೆ, ಮುದ್ದೆ ದಾಟುತ್ತದೆ. ಧಾರವಾಡದ ರೊಟ್ಟಿ ಸೀಮೆಯ ಸೊಸೆ ಮೊದಲ ಸಲ ಮುದ್ದೆಯ ಮುಂದೆ ಕೂತಾಗ ಅಜ್ಜಿ ಪಕ್ಕದಲ್ಲೇ ಕೂತು ಹೇಳಿಕೊಟ್ಟಿದ್ದಳು: ‘ಅಗೀಬ್ಯಾಡ ಕಣವ್ವ, ಸಾರಲ್ಲಿ ಅದ್ದಿ ನುಂಗ್ಬುಡು.’

‘ಹಂಗಾರ ದೇವರು ಹಲ್ಲು ಯಾಕ ಕೊಟ್ಟಾನ್ರೀ ಅಜ್ಜಿ?’

ನನ್ನವಳಿಗೆ ಅಡ್ಡ ಬರುವುದು ಗಂಟಲಲ್ಲ, ನಾಲಿಗೆ. ಅಗಿಯದ ತುತ್ತನ್ನು ಅದು ಹಿಂದಕ್ಕೆ ಕಳಿಸಲು ಒಪ್ಪುವುದೇ ಇಲ್ಲ. ಇವತ್ತಿಗೂ ಭಾನುವಾರ ಬಸ್ಸಾರು ಮಾಡಿದ ದಿನ ನನ್ನ ಎರಡನೆಯ ಮುದ್ದೆ ಮುಗಿಯುವ ಹೊತ್ತಿಗೆ ಅವಳ ಮೊದಲ ತುತ್ತು ಇನ್ನೂ ಎಡದವಡೆಯಿಂದ ಬಲದವಡೆಗೆ ಓಡಾಡುತ್ತಿರುತ್ತದೆ.